ಆ ಜೀವಿಗೆ ಮಾತು ಬರುತ್ತದೆ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಹಾರರ್ ಸಿನಿಮಾಗಳ ಬಗ್ಗೆ ಬಂದ ಲೇಖನ ಓದಿದೆ. ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಗೆ 1931ರ ಚಿತ್ರವೇ ಎಲ್ಲಕ್ಕಿಂತ ಹತ್ತಿರ ಎಂದು ಅದರಲ್ಲಿ ಬರೆದಿದ್ದಾರೆ. ಆ ಚಿತ್ರ ನನಗೂ ಇಷ್ಟ. ಆದರೂ ಈ ಮಾತನ್ನು ಒಪ್ಪಲು ಆಗುತ್ತಿಲ್ಲ.

ಮೇರಿ ಶೆಲ್ಲಿಯ ಕಾದಂಬರಿ ಬಂದದ್ದು 1818ರಲ್ಲಿ. ಅದರಲ್ಲಿ ವಿಕ್ಟರ್ ಫ್ರಾಂಕೆನ್‌ಸ್ಟೈನ್ ಎಂಬಾತ ಪ್ರಯೋಗ ಮಾಡಿ ಸೃಷ್ಟಿಸಿದ ಜೀವಿಗೆ ಹೆಸರಿಲ್ಲ, ಆದರೆ ಮಾತಿದೆ. ಲೇಖನದಲ್ಲಿ ಉದ್ದಕ್ಕೂ ‘ಅದು’ ಎಂದಿದ್ದಾರೆ. ಪುಸ್ತಕ ಓದಿದ ಮೇಲೆ ನನಗೆ ‘ಅವನು’ ಎಂದೇ ಬರೆಯಬೇಕು ಅನ್ನಿಸುತ್ತದೆ. ಜೀವ ಬಂದ ರಾತ್ರಿಯೇ ವಿಕ್ಟರ್ ಅವನನ್ನು ಬಿಟ್ಟು ಓಡುತ್ತಾನೆ. ಅವನು ಒಂದು ಮನೆಗೆ ಅಂಟಿಕೊಂಡ ಪುಟ್ಟ ಕೊಟ್ಟಿಗೆಯಲ್ಲಿ ಅಡಗಿ, ಗೋಡೆಯ ಸಂದಿಯಿಂದ ಒಳಗಿನ ಬಡ ಕುಟುಂಬವನ್ನು ತಿಂಗಳುಗಟ್ಟಲೆ ನೋಡುತ್ತಾನೆ. ಕೇಳಿ ಕೇಳಿಯೇ ಮಾತು ಕಲಿಯುತ್ತಾನೆ. ರಾತ್ರಿ ಹೊತ್ತು ಅವರಿಗೆ ಸೌದೆ ತಂದಿಡುತ್ತಾನೆ. ಮಿಲ್ಟನ್‌ನ ಕಾವ್ಯ ಓದಿ, ಆದಾಮನನ್ನು ಕಾಯಲು ಅವನನ್ನು ಮಾಡಿದ ದೇವರಿದ್ದ, ನನಗೆ ಯಾರೂ ಇಲ್ಲವಲ್ಲ ಎಂದು ಸಂಕಟಪಡುತ್ತಾನೆ. ಕೊನೆಗೆ ಧೈರ್ಯ ಮಾಡಿ ಮನೆಯ ಕಣ್ಣು ಕಾಣದ ಮುದುಕನ ಹತ್ತಿರ ಹೋಗಿ ಮಾತಾಡುತ್ತಾನೆ. ಆ ಮುದುಕ ಸಮಾಧಾನದಿಂದ ಕೇಳಿಸಿಕೊಳ್ಳುತ್ತಾನೆ. ಅಷ್ಟರಲ್ಲಿ ಕಣ್ಣಿರುವ ಮಗ ಬಂದು ಕೋಲಿನಿಂದ ಹೊಡೆಯುತ್ತಾನೆ. ಪುಸ್ತಕದ ನಡುವಿನ 6 ಅಧ್ಯಾಯಗಳಲ್ಲಿ ಇದನ್ನೆಲ್ಲ ಹೇಳುವುದು ಅವನೇ.

ನಿರ್ದೇಶಕ ಜೇಮ್ಸ್ ವೇಲ್ 1931ರ ಚಿತ್ರದಲ್ಲಿ ಈ ಮಾತನ್ನು ಪೂರ್ತಿ ತೆಗೆದುಹಾಕಿದರು. ಆ ಜೀವಿಯ ಪಾತ್ರ ಮಾಡಿದ ಬೋರಿಸ್ ಕಾರ್ಲಾಫ್ ಬರೀ ಗುರುಗುಟ್ಟುತ್ತಾರೆ. ಎಂಥ ನಟನೆ ಅದು! ಮೊದಲ ಸಲ ಬೆಳಕು ಕಂಡಾಗ ಎರಡೂ ಕೈ ಎತ್ತಿ ಅದನ್ನು ಹಿಡಿಯಲು ಹೋಗುವ ದೃಶ್ಯ ಮರೆಯಲು ಸಾಧ್ಯವಿಲ್ಲ. ನನ್ನ ತಕರಾರು ಇರುವುದು ಕಥೆಯ ಬಗ್ಗೆ. ಪುಸ್ತಕದಲ್ಲಿಲ್ಲದ ಗೂನುಬೆನ್ನಿನ ಸಹಾಯಕನೊಬ್ಬ ಕಾಲೇಜಿನಿಂದ ಅಪರಾಧಿಯೊಬ್ಬನ ಮೆದುಳನ್ನು ಕದ್ದು ತರುತ್ತಾನೆ. ಆ ಕ್ಷಣಕ್ಕೇ ಎಲ್ಲ ತಪ್ಪು ಕೆಟ್ಟ ಮೆದುಳಿನ ಪಾಲಿಗೆ ಹೋಯಿತು, ಮಾಡಿ ಬಿಟ್ಟುಹೋದವನು ಸುಲಭವಾಗಿ ಪಾರಾದ. ಕೆರೆಯ ದೃಶ್ಯವನ್ನೇ ನೋಡಿ. ಪುಟ್ಟ ಹುಡುಗಿಯೊಬ್ಬಳ ಜೊತೆ ನೀರಿನಲ್ಲಿ ತೇಲಿಬಿಡುತ್ತಿದ್ದ ಹೂವು ಮುಗಿದಾಗ, ಅವಳೂ ತೇಲುತ್ತಾಳೆ ಅಂದುಕೊಂಡು ಅವಳನ್ನೇ ನೀರಿಗೆ ಎಸೆಯುತ್ತಾನೆ. ಪುಸ್ತಕದಲ್ಲಿ ಇದು ತಿರುವುಮುರುವು. ಹೊಳೆಗೆ ಬಿದ್ದ ಹುಡುಗಿಯನ್ನು ಅವನೇ ಎಳೆದು ಉಳಿಸುತ್ತಾನೆ. ಅದಕ್ಕೆ ಸಿಗುವುದು ಗುಂಡೇಟು.

1935ರ ಮುಂದಿನ ಭಾಗದಲ್ಲಿ ವೇಲ್ ಅವರೇ ಅವನಿಗೆ ನಾಲ್ಕು ಮಾತು ಕಲಿಸಿದರು. ಕಲಿಸುವವನು ಕಾಡಿನಲ್ಲಿ ಒಂಟಿಯಾಗಿರುವ, ಕಣ್ಣು ಕಾಣದ ಮುದುಕ. ‘ಗೆಳೆಯ’ ಎಂಬ ಪದವನ್ನು ಕಾರ್ಲಾಫ್ ತೊದಲುವಾಗ ಪುಸ್ತಕ ಒಂದು ಗಳಿಗೆ ಎದುರಿಗೆ ಬಂದು ನಿಲ್ಲುತ್ತದೆ. 1957ರ ಬ್ರಿಟಿಷ್ ಚಿತ್ರದಲ್ಲಿ ಕ್ರಿಸ್ಟೋಫರ್ ಲೀಗೂ ಮಾತಿಲ್ಲ. ಆದರೆ ಪೀಟರ್ ಕುಶಿಂಗ್ ಮಾಡಿದ ಬ್ಯಾರನ್ ಮೆದುಳಿಗಾಗಿ ಒಬ್ಬ ಪ್ರೊಫೆಸರನ್ನೇ ಕೊಲ್ಲುತ್ತಾನೆ. ತಪ್ಪು ಯಾರದ್ದು ಅನ್ನುವುದರಲ್ಲಿ ಅಲ್ಲಿ ಗೊಂದಲವಿಲ್ಲ. 1994ರಲ್ಲಿ ಕೆನೆತ್ ಬ್ರಾನಾ ಮಾಡಿದ ಚಿತ್ರದಲ್ಲಿ ರಾಬರ್ಟ್ ಡಿ ನೀರೊ ವಿಕ್ಟರನ ಎದುರು ಕೂತು ಪ್ರಶ್ನೆ ಕೇಳುತ್ತಾರೆ. ಆ ಹಿಮದ ಗುಹೆಯ ದೃಶ್ಯಕ್ಕಾಗಿ ಉಳಿದ ಗಲಾಟೆಯನ್ನೆಲ್ಲ ನಾನು ಕ್ಷಮಿಸುತ್ತೇನೆ.

2025ರಲ್ಲಿ ಗಿಯೆರ್ಮೊ ಡೆಲ್ ಟೊರೊ ಕಥೆಯ ಒಂದು ಭಾಗವನ್ನು ಅವನ ಬಾಯಿಂದಲೇ ಹೇಳಿಸಿದರು. ಜೇಕಬ್ ಎಲಾರ್ಡಿ ಮಾತಾಡಲು ಶುರುಮಾಡಿದಾಗ ನಿಜಕ್ಕೂ ಖುಷಿಯಾಯಿತು. ಆದರೆ ಈ ಚಿತ್ರ ಅವನನ್ನು ಜಾಸ್ತಿಯೇ ಒಳ್ಳೆಯವನನ್ನಾಗಿ ಮಾಡಿದೆ. ವಿಕ್ಟರ್ ಪ್ರೀತಿಸುವ ಎಲಿಜಬೆತ್ ಸಾಯುವುದು ವಿಕ್ಟರನ ಗುಂಡಿನಿಂದಲೇ. ಕೊನೆಗೆ ವಿಕ್ಟರ್ ಕ್ಷಮೆ ಕೇಳುತ್ತಾನೆ, ಅವನು ಕ್ಷಮಿಸುತ್ತಾನೆ. ಪುಸ್ತಕದಲ್ಲಿ ಎಲಿಜಬೆತ್‌ಳನ್ನು ಕೊಲ್ಲುವವನು ಅವನೇ. ವಿಕ್ಟರನ ತಮ್ಮ, ಚಿಕ್ಕ ಹುಡುಗ ವಿಲಿಯಮ್‌ನನ್ನೂ ಅವನೇ ಕೊಂದಿರುತ್ತಾನೆ. ಅವನ ನೋವನ್ನೂ ಕೇಳಬೇಕು, ಆ ಮಗುವನ್ನೂ ಮರೆಯಬಾರದು. ಓದುವಾಗ ಕಷ್ಟವಾಗುವುದು ಇದೇ ಅಲ್ವಾ? ಪುಸ್ತಕದ ಕೊನೆಯಲ್ಲಿ ಅವನು ಬರುವ ಹೊತ್ತಿಗೆ ವಿಕ್ಟರ್ ಸತ್ತಿರುತ್ತಾನೆ. ಅವನು ಹೆಣದ ಮುಂದೆ ನಿಂತು ಕ್ಷಮೆ ಕೇಳುತ್ತಾನೆ.

ಇನ್ನೊಂದು ತಿದ್ದುಪಡಿ. ಫೋಟೊದ ಕೆಳಗೆ ‘ಫ್ರಾಂಕೆನ್‌ಸ್ಟೈನ್ ಆಗಿ ಬೋರಿಸ್ ಕಾರ್ಲಾಫ್’ ಎಂದು ಅಚ್ಚಾಗಿದೆ. ಫ್ರಾಂಕೆನ್‌ಸ್ಟೈನ್ ಪಾತ್ರ ಮಾಡಿದವರು ಕಾಲಿನ್ ಕ್ಲೈವ್. ಚಿತ್ರದ ಆರಂಭದ ಟೈಟಲ್‌ಗಳಲ್ಲಿ ಕಾರ್ಲಾಫ್ ಹೆಸರು ಇರಬೇಕಾದ ಜಾಗದಲ್ಲಿ ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ ಇದೆ.

– ನಿಮ್ಮ ಓದುಗ, ಮೈಸೂರು