ವಾಯಿದೆಯ ತಾರೀಕು ಒಬ್ಬರ ಡೈರಿಯಲ್ಲಷ್ಟೇ ಉಳಿಯಬಾರದು

ಮಾನ್ಯ ಸಂಪಾದಕರಿಗೆ,

ಮಂಗಳೂರಿನಲ್ಲಿ ಸಿವಿಲ್ ವ್ಯಾಜ್ಯಗಳನ್ನು ನಡೆಸುತ್ತಿರುವ ವಕೀಲನಾಗಿ, ನಮ್ಮ ಕರಾವಳಿಯ ವಕೀಲರ ಕಚೇರಿಗಳಲ್ಲಿ ಇಮೇಲ್ ಮತ್ತು ಕ್ಯಾಲೆಂಡರ್ ತಂತ್ರಾಂಶಗಳ ಬಳಕೆ ಇನ್ನೂ ಅರೆಬರೆಯಾಗಿಯೇ ಉಳಿದಿರುವ ಬಗ್ಗೆ ಈ ಪತ್ರ ಬರೆಯುತ್ತಿದ್ದೇನೆ. ಇಮೇಲ್ ವಿಳಾಸ ಎಲ್ಲರಿಗೂ ಇದೆ, ಕ್ಯಾಲೆಂಡರ್ ಎಲ್ಲರ ಫೋನಿನಲ್ಲೂ ಇದೆ. ಆದರೂ ಮೊಕದ್ದಮೆಯ ಮುಂದಿನ ವಾಯಿದೆ (ವಿಚಾರಣೆಯ ದಿನ) ಯಾವಾಗ, ಕಕ್ಷಿದಾರರು ಕಳುಹಿಸಿದ ದಾಖಲೆ ಎಲ್ಲಿದೆ ಎಂಬುದು ಇಂದಿಗೂ ಒಬ್ಬ ಗುಮಾಸ್ತರ ನೆನಪಿನಲ್ಲೋ ಒಬ್ಬ ಕಿರಿಯ ವಕೀಲರ ಮೊಬೈಲಿನಲ್ಲೋ ಇರುತ್ತದೆ. ಅವರು ಒಂದು ದಿನ ಬಾರದಿದ್ದರೆ ಉಳಿದವರು ತಡಕಾಡಬೇಕಾಗುತ್ತದೆ. ಇದರ ನಷ್ಟ ಕೊನೆಗೆ ಬೀಳುವುದು ಕಕ್ಷಿದಾರರ ಮೇಲೆ. ಹಾಗಾಗಿ ವಕೀಲರ ನಡುವೆ ಮಾತ್ರ ಆಡಿ ಮುಗಿಸುವ ವಿಷಯ ಇದಲ್ಲವೆಂದು ಓದುಗರ ಮುಂದಿಡುತ್ತಿದ್ದೇನೆ.

ನಮ್ಮ ಜಿಲ್ಲೆಗಳ ವಕೀಲ ವೃತ್ತಿ ಒಂದೇ ಕಟ್ಟಡದೊಳಗೆ ನಡೆಯುವಂಥದ್ದಲ್ಲ. ಮಂಗಳೂರಿನ ಕಚೇರಿಗೆ ಬಂಟ್ವಾಳ, ಪುತ್ತೂರು, ಬೆಳ್ತಂಗಡಿಯ ಕೇಸುಗಳಿರುತ್ತವೆ, ಉಡುಪಿಯ ಕಚೇರಿಗೆ ಕುಂದಾಪುರ, ಕಾರ್ಕಳದ್ದು; ಹೈಕೋರ್ಟಿನ ಪೀಠಗಳು ಧಾರವಾಡ ಮತ್ತು ಕಲಬುರಗಿಯಲ್ಲಿದ್ದರೂ ದಕ್ಷಿಣ ಕನ್ನಡ, ಉಡುಪಿಯವರು ಬೆಂಗಳೂರಿಗೇ ಹೋಗಬೇಕು. ಬೆಳಿಗ್ಗೆ ಪುತ್ತೂರಿನ ನ್ಯಾಯಾಲಯದಲ್ಲಿ ನಿಂತು ಮುಂದಿನ ತಾರೀಕು ಒಪ್ಪಿಕೊಳ್ಳುವ ಕಿರಿಯರಿಗೆ, ಅದೇ ದಿನ ಮಂಗಳೂರಿನಲ್ಲಿ ಹಿರಿಯರಿಗೆ ಪಾಟಿಸವಾಲು ಇದೆಯೆಂಬುದು ಆ ಕ್ಷಣದಲ್ಲೇ ಗೊತ್ತಾಗಬೇಕು. ಕಚೇರಿಗೆಲ್ಲ ಒಂದೇ ಹಂಚಿಕೆಯ ಕ್ಯಾಲೆಂಡರ್ ಇದ್ದರೆ ಫೋನ್ ತೆರೆದು ನೋಡಿ, ಬೇರೆ ತಾರೀಕು ಕೇಳಿಕೊಳ್ಳಬಹುದು. ಸಂಜೆ ಕಚೇರಿಯಲ್ಲಿ ಡೈರಿಗಳನ್ನು ತಾಳೆ ನೋಡುವಾಗ ತಿಳಿದರೆ ಮಿಕ್ಕಿರುವ ದಾರಿ ಮುಂದೂಡಿಕೆ ಕೇಳುವುದೊಂದೇ. ಡೈರಿಯನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಕೋರ್ಟ್ ಹಾಲಿನಲ್ಲಿ ಅದರಷ್ಟು ಬೇಗ ಬರೆದುಕೊಳ್ಳಲು ಬೇರೇನೂ ಒದಗುವುದಿಲ್ಲ. ಆದರೆ ಡೈರಿಗೆ ಬಿದ್ದ ತಾರೀಕು ಅದೇ ದಿನ ಕ್ಯಾಲೆಂಡರಿಗೂ ಬೀಳಬೇಕು.

ವಾಯಿದೆಗಿಂತಲೂ ಹೆಚ್ಚು ಎಚ್ಚರ ಬೇಕಿರುವುದು ಕಾಲಮಿತಿಯ ವಿಷಯದಲ್ಲಿ. ವಾಯಿದೆಯನ್ನು ನ್ಯಾಯಾಲಯವೇ ಹೇಳುತ್ತದೆ, ಕಾಲಮಿತಿಯನ್ನು ಯಾರೂ ಕರೆದು ಹೇಳುವುದಿಲ್ಲ. ಚೆಕ್ ಅಮಾನ್ಯದ ಪ್ರಕರಣವನ್ನೇ ತೆಗೆದುಕೊಳ್ಳಿ: ಬ್ಯಾಂಕಿನಿಂದ ಮಾಹಿತಿ ಬಂದ 30 ದಿನಗಳೊಳಗೆ ನೋಟಿಸ್ ಹೋಗಬೇಕು, ನೋಟಿಸ್ ತಲಪಿದ ಮೇಲೆ ಹಣ ಕೊಡಲು 15 ದಿನ ಬಿಡಬೇಕು, ಆ ಅವಧಿ ಮುಗಿದ ಮೇಲೆ ಒಂದು ತಿಂಗಳೊಳಗೆ ದೂರು ದಾಖಲಾಗಬೇಕು. ಬ್ಯಾಂಕಿನ ಮೆಮೊ ಕೈಗೆ ಬಂದ ದಿನವೇ ಮೊದಲ ಗಡುವನ್ನೂ, ಅಂಚೆ ತಲಪಿದ ದಿನ ಖಚಿತವಾದ ಕೂಡಲೇ ಉಳಿದ ಎರಡನ್ನೂ ಕ್ಯಾಲೆಂಡರಿನಲ್ಲಿ ನಮೂದಿಸಿ, ಅಂಚೆ ಸ್ವೀಕೃತಿಯ ಪ್ರತಿಯನ್ನು ಆ ನಮೂದಿಗೇ ಲಗತ್ತಿಸಿಟ್ಟರೆ ಮುಂದೆ ಯಾರೇ ಕೇಳಿದರೂ ಲೆಕ್ಕ ಅಲ್ಲೇ ಸಿಗುತ್ತದೆ. ಸಿವಿಲ್ ದಾವೆಯಲ್ಲಿ ಲಿಖಿತ ಹೇಳಿಕೆ (ಪ್ರತಿವಾದಿಯ ಉತ್ತರ) ಸಲ್ಲಿಸಲು ಸಮನ್ಸ್ ಜಾರಿಯಾದಂದಿನಿಂದ 30 ದಿನ, ವಿಸ್ತರಿಸಿದರೆ 90 ದಿನ. ವಾಣಿಜ್ಯ ದಾವೆಯಲ್ಲಿ 120 ದಿನ ದಾಟಿದರೆ ಆ ಹಕ್ಕೇ ಹೋಗುತ್ತದೆ. ಇಂಥ ಕಡೆ ಕೊನೆಯ ದಿನ ಬೆಳಿಗ್ಗೆ ಮೊಳಗುವ ಒಂದು ನೆನಪೋಲೆಯಿಂದ ಏನೂ ಪ್ರಯೋಜನವಿಲ್ಲ. ಕರಡು ಸಿದ್ಧವಾಗಬೇಕಾದ ದಿನಕ್ಕೊಂದು, ಕಕ್ಷಿದಾರರ ಸಹಿ ಬೀಳಬೇಕಾದ ದಿನಕ್ಕೊಂದು, ಸಲ್ಲಿಕೆಗೆ ಎರಡು ದಿನ ಮೊದಲೊಂದು ನೆನಪೋಲೆ ಇರಬೇಕು, ಅವು ಕನಿಷ್ಠ ಇಬ್ಬರಿಗಾದರೂ ಹೋಗಬೇಕು. ವಕೀಲರ ತಪ್ಪಿಗೆ ನಿರಪರಾಧಿ ಕಕ್ಷಿದಾರ ನಷ್ಟ ಅನುಭವಿಸಬಾರದೆಂದು ಸುಪ್ರೀಂ ಕೋರ್ಟ್ 1981ರಲ್ಲಿ ರಫೀಕ್ ವಿರುದ್ಧ ಮುನ್ಶಿಲಾಲ್ ಪ್ರಕರಣದಲ್ಲಿ ಹೇಳಿದ್ದು ನಿಜ. ಆದರೆ ವಿಳಂಬ ಮನ್ನಾ ಮಾಡಿಸಿಕೊಳ್ಳಲು ಹೋದವರಿಗೆಲ್ಲ ಆ ಆಸರೆ ಸಿಕ್ಕೀತೆಂಬ ಭರವಸೆಯಿಲ್ಲ.

ಇನ್ನು ಇಮೇಲ್. ನಮ್ಮಲ್ಲಿ ಪಾಲಿನ ದಾವೆಗಳು ಬಹಳ. ಅದರಲ್ಲೂ ಅಳಿಯ ಸಂತಾನದ (ತಾಯಿಯ ಕಡೆಯಿಂದ ಆಸ್ತಿಯ ಹಕ್ಕು ಬರುವ) ಕುಟುಂಬಗಳ ದಾವೆಯಲ್ಲಿ ಒಬ್ಬರು ಊರಿನಲ್ಲಿ, ಒಬ್ಬರು ಮುಂಬೈಯಲ್ಲಿ, ಮತ್ತೊಬ್ಬರು ದುಬೈಯಲ್ಲೋ ಕುವೈತ್‌ನಲ್ಲೋ ಇರುವುದು ಸಾಮಾನ್ಯ. ಅವರಿಂದ ಬರುವ ಪತ್ರಗಳ ವಿಷಯದ ಸಾಲಿನಲ್ಲಿ ‘ನಮಸ್ಕಾರ’ ಎಂದೋ ‘ದಾಖಲೆ’ ಎಂದೋ ಇರುತ್ತದೆ, ಲಗತ್ತಿನ ಹೆಸರು ‘ಸ್ಕ್ಯಾನ್ 0007’. ಆರು ತಿಂಗಳ ನಂತರ ಸಾಕ್ಷ್ಯದ ಹಂತದಲ್ಲಿ ಆ ಮೂಲಗೇಣಿ (ಶಾಶ್ವತ ಗೇಣಿ) ಪತ್ರ ಯಾವ ಇಮೇಲಿನಲ್ಲಿ ಬಂದಿತ್ತೆಂದು ಹುಡುಕಿ ತೆಗೆಯುವುದು ಸುಲಭವಲ್ಲ. ಕಚೇರಿಯಿಂದ ಹೋಗುವ ಮೊದಲ ಪತ್ರದಲ್ಲೇ ನ್ಯಾಯಾಲಯದ ಹೆಸರು, ದಾವೆಯ ಸಂಖ್ಯೆ, ವರ್ಷ ಇರುವ ವಿಷಯದ ಸಾಲು ಕೊಟ್ಟು, ‘ದಯವಿಟ್ಟು ಇದೇ ಪತ್ರಕ್ಕೆ ಉತ್ತರಿಸಿ’ ಎಂದು ಕೇಳಿಕೊಂಡರೆ ಮುಂದಿನದೆಲ್ಲ ಒಂದೇ ಎಳೆಯಲ್ಲಿ ಉಳಿಯುತ್ತದೆ. ಆ ಸಂಖ್ಯೆಯ ಆಧಾರದಲ್ಲಿ ಫಿಲ್ಟರ್ ಹಾಕಿದರೆ ಪತ್ರಗಳು ತಾವಾಗಿಯೇ ಆಯಾ ಕೇಸಿನ ಲೇಬಲ್ಲಿನಡಿ ಸೇರುತ್ತವೆ. ಕಿರಿಯರ ಖಾಸಗಿ ವಿಳಾಸದಿಂದ ಪತ್ರ ವ್ಯವಹಾರ ನಡೆಸುವುದನ್ನು ಮಾತ್ರ ಖಂಡಿತ ನಿಲ್ಲಿಸಬೇಕು. ಅವರು ಮುಂದೆ ಸ್ವಂತ ಕಚೇರಿ ತೆರೆಯುವುದು ಸಹಜವೂ ನ್ಯಾಯವೂ ಹೌದು. ಆದರೆ ಕಕ್ಷಿದಾರರ ಪತ್ರಗಳು ಅವರೊಂದಿಗೆ ಹೊರಟುಹೋಗುವುದು ಸರಿಯಲ್ಲ.

ವಾಟ್ಸ್‌ಆ್ಯಪ್ ಸಾಕಲ್ಲವೇ ಎಂದು ಹಲವರು ಕೇಳುತ್ತಾರೆ. ಮಾತಿಗೆ ಸಾಕು, ದಾಖಲೆಗೆ ಸಾಲದು. ಅಲ್ಲಿ ಫೋಟೋವಾಗಿ ಕಳುಹಿಸಿದ ಚಿತ್ರ ಕುಗ್ಗಿ ಬರುತ್ತದೆ, ಅಂದರೆ ಅದು ಮೂಲ ಕಡತವಾಗಿ ಉಳಿದಿರುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ವಿದ್ಯುನ್ಮಾನ ದಾಖಲೆಯ ಹ್ಯಾಶ್ ಮೌಲ್ಯವನ್ನೂ (ಕಡತದಿಂದಲೇ ಲೆಕ್ಕ ಹಾಕಿ ತೆಗೆಯುವ ಗುರುತಿನ ಸಂಕೇತ) ನಮೂದಿಸಬೇಕು. ಕಡತದಲ್ಲಿ ಒಂದಿಷ್ಟು ಬದಲಾದರೂ ಆ ಮೌಲ್ಯ ಬದಲಾಗುತ್ತದೆ. ಇಮೇಲಿಗೆ ಲಗತ್ತಿಸಿದ ಕಡತ ಬಂದ ಹಾಗೆಯೇ ಇರುತ್ತದೆ, ಬಂದ ದಿನ, ಸಮಯವೂ ಜೊತೆಗಿರುತ್ತದೆ.

ಒಂದು ಅಪಾಯವನ್ನು ಇಲ್ಲಿ ಹೇಳಲೇಬೇಕು. ಒಂದೇ ಹೆಸರಿನ ಶೆಟ್ಟರು, ಭಟ್ಟರು, ಡಿಸೋಜರು ನಮ್ಮ ಊರುಗಳಲ್ಲಿ ಅದೆಷ್ಟೋ ಮಂದಿ. ಹೆಸರಿನ ಎರಡಕ್ಷರ ಒತ್ತಿದೊಡನೆ ತಂತ್ರಾಂಶ ತಾನಾಗಿ ತುಂಬಿಸುವ ವಿಳಾಸ ಎದುರು ಪಕ್ಷದವರದ್ದೂ ಆಗಿರಬಹುದು. ಕಕ್ಷಿದಾರ ಮತ್ತು ವಕೀಲರ ನಡುವಿನ ಮಾತಿಗೆ ಕಾನೂನು ಕೊಟ್ಟಿರುವ ಗೋಪ್ಯತೆಯ ರಕ್ಷಣೆ ದೊಡ್ಡದು. ಅದನ್ನು ಕಾಪಾಡಬೇಕಿದ್ದರೆ ಕಳುಹಿಸಿದ ಪತ್ರವನ್ನು ಕೆಲವು ಸೆಕೆಂಡು ತಡೆದಿಡುವ ಸೌಲಭ್ಯವನ್ನು (ಜಿಮೇಲ್‌ನಲ್ಲಿ ಇದನ್ನು 30 ಸೆಕೆಂಡಿನವರೆಗೆ ಇಡಬಹುದು) ಮತ್ತು ಎರಡು ಹಂತದ ಲಾಗಿನ್ ದೃಢೀಕರಣವನ್ನು (ಪಾಸ್‌ವರ್ಡಿನ ಜೊತೆಗೆ ಇನ್ನೊಂದು ಗುರುತನ್ನೂ ಕೇಳುವ ವ್ಯವಸ್ಥೆ) ಪ್ರತಿಯೊಂದು ಕಚೇರಿಯೂ ಚಾಲನೆಯಲ್ಲಿಡಬೇಕು.

ಗಲ್ಫ್‌ನಲ್ಲಿರುವ ಕಕ್ಷಿದಾರರೊಡನೆ ಮಾತುಕತೆ ನಿಗದಿ ಮಾಡುವಾಗ ಕ್ಯಾಲೆಂಡರ್ ಆಮಂತ್ರಣ ಬಹಳ ಉಪಕಾರಿ. ನಮ್ಮ ಸಂಜೆ ಆರು ಗಂಟೆ ದುಬೈಯಲ್ಲಿ ನಾಲ್ಕೂವರೆ, ಕುವೈತ್‌ನಲ್ಲಿ ಮೂರೂವರೆ. ಆಮಂತ್ರಣ ಕಳುಹಿಸಿದರೆ ಅವರವರ ಫೋನಿನಲ್ಲಿ ಅವರವರ ಸಮಯವೇ ಕಾಣುತ್ತದೆ. ಅಂಥ ಮಾತುಕತೆಗೆ ಕಾದು ಕುಳಿತಿರುವವರು ಕೆಲಸದ ನಡುವೆ ಅನುಮತಿ ಕೇಳಿ ಬಂದಿರುತ್ತಾರೆ ಎಂಬುದನ್ನು ನಾವು ಮರೆಯಬಾರದು.

ನ್ಯಾಯಾಲಯಗಳ ಪ್ರಕರಣಗಳ ಮಾಹಿತಿಯನ್ನು ಅಂತರ್ಜಾಲದಲ್ಲಿ ಕೊಡುವ ಇ-ಕೋರ್ಟ್ಸ್ ಸೇವೆ ಇರುವಾಗ ಇದೆಲ್ಲ ಬೇಕೇ ಎಂಬ ಪ್ರಶ್ನೆಯೂ ಇದೆ. ಪ್ರತಿ ಪ್ರಕರಣಕ್ಕಿರುವ 16 ಅಕ್ಷರ, ಅಂಕಿಗಳ ಸಿಎನ್‌ಆರ್ ಸಂಖ್ಯೆಯಿಂದ ಯಾರು ಬೇಕಾದರೂ ಮುಂದಿನ ತಾರೀಕು ನೋಡಬಹುದು ಎಂಬುದು ನಿಜಕ್ಕೂ ದೊಡ್ಡ ಅನುಕೂಲ. ಓದುಗರಲ್ಲಿ ಕೇಸು ಇರುವವರು ಆ ಸಂಖ್ಯೆಯನ್ನು ತಮ್ಮ ವಕೀಲರಿಂದ ಇಂದೇ ಕೇಳಿ ಪಡೆಯಲಿ. ಆದರೆ ನ್ಯಾಯಾಲಯದ ಸಿಬ್ಬಂದಿ ನಮೂದಿಸಿದ ಮೇಲಷ್ಟೇ ಅಲ್ಲಿ ತಾರೀಕು ಕಾಣುತ್ತದೆ, ಆ ತಾರೀಕಿಗೆ ನಾವು ಏನು ಸಿದ್ಧಪಡಿಸಬೇಕೆಂಬುದನ್ನು ಅದು ಹೇಳುವುದಿಲ್ಲ. ಆದ್ದರಿಂದ ಕಚೇರಿಯ ಕ್ಯಾಲೆಂಡರನ್ನು ವಾರಕ್ಕೊಮ್ಮೆ ಅದರೊಡನೆ ತಾಳೆ ನೋಡಿ, ವ್ಯತ್ಯಾಸ ಕಂಡಲ್ಲಿ ನ್ಯಾಯಾಲಯದಲ್ಲೇ ವಿಚಾರಿಸುವುದು ಒಳ್ಳೆಯದು.

ಮಂಗಳೂರು ಮತ್ತು ಉಡುಪಿಯ ವಕೀಲರ ಸಂಘಗಳು ಮುಂದಿನ ಬೇಸಗೆ ರಜೆಯೊಳಗೆ ಈ ಬಗ್ಗೆ ಒಂದು ದಿನದ ತರಬೇತಿ ಏರ್ಪಡಿಸಬೇಕೆಂದು ಈ ಪತ್ರದ ಮೂಲಕ ಕೋರುತ್ತೇನೆ. ದಿನನಿತ್ಯ ತಾರೀಕು ಬರೆಯುವವರು, ಪತ್ರಗಳನ್ನು ತೆರೆಯುವವರು ಗುಮಾಸ್ತರೇ ಆದ್ದರಿಂದ ಅವರನ್ನು ವಕೀಲರ ಜೊತೆಯಲ್ಲೇ ಕೂರಿಸಬೇಕು, ಪಾಠ ಕನ್ನಡದಲ್ಲಿರಬೇಕು, ಪ್ರತಿಯೊಬ್ಬರೂ ತಮ್ಮ ಕಚೇರಿಯ ನಿಜವಾದ ಒಂದು ವಾರದ ವಾಯಿದೆಗಳನ್ನು ಅಲ್ಲಿಯೇ ಕುಳಿತು ನಮೂದಿಸಿ ಮನೆಗೆ ಹೋಗುವಂತಿರಬೇಕು.

ಇತಿ,
ಓರ್ವ ವಕೀಲ, ಮಂಗಳೂರು