ಟ್ಯಾಗ್ ಕಟ್ಟಿದ ಮೇಲೆ ಬೀಜಕ್ಕೇನಾಯಿತು? ಕೃಷಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕೃಷಿ ಸಚಿವರಿಗೆ,

ನಮಸ್ಕಾರ. ಬಿತ್ತನೆ ಹತ್ತಿರ ಬಂದಾಗಲೆಲ್ಲ ಇಲಾಖೆ ಎಷ್ಟು ಕ್ವಿಂಟಾಲ್ ಬೀಜ ದಾಸ್ತಾನಿದೆ ಎಂದು ಹೇಳುತ್ತದೆ. ಆ ದಾಸ್ತಾನಿನ ಮೊಳಕೆ ಪರೀಕ್ಷೆ ಕಡೆಯ ಸಲ ನಡೆದದ್ದು ಯಾವಾಗ ಅಂತ ಯಾರೂ ಹೇಳುವುದಿಲ್ಲ.

ನಾನು ಬೀಜೋತ್ಪಾದನೆ ಮಾಡುವ ರೈತ. ತಳಿ ರೂಪಿಸಿದವರು ಕೊಡುವ ತಳಿವರ್ಧಕ ಬೀಜದಿಂದ ಫೌಂಡೇಷನ್ ಬೀಜ, ಅದರಿಂದ ರೈತರಿಗೆ ಮಾರುವ ಪ್ರಮಾಣಿತ ಬೀಜ. ಪಕ್ಕದ ಹೊಲದಿಂದ ಇಂತಿಷ್ಟು ದೂರ, ಹೂ ಬಿಡುವಾಗ ತಪಾಸಣೆ, ಬೆರಕೆ ಗಿಡ ಕಿತ್ತುಹಾಕುವುದು. ಈ ಕ್ರಮದ ಬಗ್ಗೆ ನನ್ನ ತಕರಾರಿಲ್ಲ. (ತಪಾಸಣೆಯವರು ಹೂವೆಲ್ಲ ಉದುರಿದ ಮೇಲೆ ಬರುವುದುಂಟು. ಅದಕ್ಕೆ ಇನ್ನೊಂದು ಪತ್ರವೇ ಬೇಕು.)

ತಕರಾರಿರುವುದು ಚೀಲಕ್ಕೆ ಟ್ಯಾಗ್, ಅಂದರೆ ಬೀಜ ಪಾಸಾಗಿದೆಯೆಂಬ ಪ್ರಮಾಣದ ಚೀಟಿ, ಬಿದ್ದ ಮೇಲಿನದರ ಬಗ್ಗೆ. ಸೋಯಾ ಅವರೆಯನ್ನೇ ನೋಡಿ. ಅದರ ಸಿಪ್ಪೆ ತೆಳು, ಮೊಳಕೆಯ ಬೇರು ಸಿಪ್ಪೆಯ ಅಡಿಯಲ್ಲೇ ಇರುತ್ತದೆ. ಒಕ್ಕಣೆ ಯಂತ್ರ ತುಸು ಜೋರಾಗಿ ತಿರುಗಿದರೂ, ಲಾರಿಯಿಂದ ಮೂಟೆ ಎತ್ತಿ ಎಸೆದರೂ ಒಳಗೇ ಪೆಟ್ಟಾಗುತ್ತದೆ; ಕಾಳು ಮಾತ್ರ ಹೊರಗಿನಿಂದ ಹೊಳೆಯುತ್ತಲೇ ಇರುತ್ತದೆ. ಆಮೇಲೆ ಗೋದಾಮಿನ ಶೆಕೆ. ಬೀಜದ ತೇವಾಂಶ ಶೇ. 1ರಷ್ಟು ಏರಿದರೆ ಬಾಳಿಕೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಎಂಬುದು ಬೀಜ ತಜ್ಞರ ಹಳೆಯ ಲೆಕ್ಕ.

ಮೊಳಕೆ ಪರೀಕ್ಷೆಗೆ ಪ್ರಯೋಗಾಲಯದಲ್ಲಿ 400 ಬೀಜ ಎಣಿಸಿ, ಹದವಾದ ತೇವ, ಹದವಾದ ಶಾಖ ಕೊಟ್ಟು ನೋಡುತ್ತಾರೆ. ಅಲ್ಲಿ ಮೊಳೆತದ್ದೆಲ್ಲ ಹೊಲದಲ್ಲಿ ಮಣ್ಣು ಸೀಳಿ ಮೇಲೇಳುವುದಿಲ್ಲ. ಕಸುವು ಅಳೆಯುವ ಪರೀಕ್ಷೆ ಬೇರೆಯೇ ಇದೆ: ಸೋಯಾ ಬೀಜವನ್ನು ತೇವ ತುಂಬಿದ ಗಾಳಿಯಲ್ಲಿ, 41 ಡಿಗ್ರಿ ಸೆಲ್ಸಿಯಸ್‌ನಲ್ಲಿ 72 ಗಂಟೆ ಇಟ್ಟು, ಆಮೇಲೆ ಎಷ್ಟು ಮೊಳೆಯುತ್ತದೆಂದು ನೋಡುವುದು. ದುರ್ಬಲ ಲಾಟ್ (ಒಂದೇ ನಂಬರು ಕೊಟ್ಟ ಬೀಜದ ರಾಶಿ) ಅಲ್ಲೇ ಸಿಕ್ಕಿಬೀಳುತ್ತದೆ. ರೈತನ ಕೈಗೆ ಬರುವ ಟ್ಯಾಗ್‌ನಲ್ಲಿ ಅದರ ಸುದ್ದಿಯೇ ಇಲ್ಲ.

ಸೋಯಾ, ಶೇಂಗಾ, ಈರುಳ್ಳಿಯಂಥ ಬೇಗ ಕಸುವು ಕಳೆದುಕೊಳ್ಳುವ ಬೀಜದ ಪ್ರತಿ ಲಾಟನ್ನೂ ಬಿತ್ತನೆಗೆ ಮುಂಚೆ ಮತ್ತೆ ಪರೀಕ್ಷಿಸಬೇಕು. ಮಾದರಿಯನ್ನು ಮಾರುವ ಜಾಗದಲ್ಲೇ ತೆಗೆಯಿರಿ, ಯಾಕೆಂದರೆ ಬೀಜ ಕೆಡುವುದು ಅಲ್ಲಿಗೆ ತಲುಪುವಷ್ಟರಲ್ಲಿ. ಲಾಟ್ ನಂಬರಿನ ಸಮೇತ ಫಲಿತಾಂಶವನ್ನು ಮಾರಾಟಕ್ಕೆ ಮೊದಲೇ ಪ್ರಕಟಿಸಿ. ಅದೇ ಲಾಟ್‌ನ ಒಂದಿಷ್ಟು ಬೀಜವನ್ನು ಮೊಹರು ಹಾಕಿ ತೆಗೆದಿಡಿ. ಬೀಜ ಹುಟ್ಟಲಿಲ್ಲವೆಂದು ಹೋದವನಿಗೆ ಈಗ ಸಿಗುವ ಉತ್ತರ "ಆಳಕ್ಕೆ ಬಿತ್ತಿದ್ದೀರಿ, ಹದ ನೋಡಲಿಲ್ಲ" ಎಂಬುದು. ಅಲ್ಲವೆಂದು ತೋರಿಸಲು ಅವನ ಹತ್ತಿರ ಖಾಲಿ ಚೀಲ ಬಿಟ್ಟರೆ ಬೇರೇನಿರುತ್ತದೆ?

ಹೀಗೆ ಮಾಡಿದರೆ ನನ್ನಂಥ ಉತ್ಪಾದಕರ ಲಾಟೂ ಫೇಲಾದೀತು. ಆಗಲಿ. ಫೇಲಾದದ್ದು ವಾಪಸ್ ಬರಲಿ, ಯಾರದೋ ಹೊಲಕ್ಕೆ ಹೋಗುವುದು ಬೇಡ. ಮುಂದಿನ ಬಿತ್ತನೆಗೆ ಮೊದಲೇ ಆದೇಶ ಹೊರಡಿಸುತ್ತೀರಾ?

ಇತಿ,
ಒಬ್ಬ ಬೀಜೋತ್ಪಾದಕ ರೈತ