ಜ್ವರ ಬಂದರೆ ಮುಚ್ಚಿಡಬೇಡಿ: ಡಿಸೆಂಬರ್ 15ಕ್ಕೆ ಮೊದಲು ಪೋಷಕರಿಗೆ ಒಂದು ಪತ್ರ

ಮುಂಬಯಿ
8 ಡಿಸೆಂಬರ್ 2021

ನಮ್ಮ ಕನ್ನಡ ಶಾಲೆಯ ಎಲ್ಲ ಪಾಲಕ-ಪೋಷಕರಿಗೆ ಮುಖ್ಯಾಧ್ಯಾಪಕಿಯ ನಮಸ್ಕಾರ.

ಒಂದರಿಂದ ಏಳನೆಯ ಇಯತ್ತೆಯವರೆಗಿನ ಮಕ್ಕಳಿಗೆ ಇದೇ 15ನೇ ತಾರೀಖು ಬುಧವಾರ ಶಾಲೆ ತೆರೆಯುತ್ತದೆ. ಮೊದಲು ಡಿಸೆಂಬರ್ 1 ಎಂದಿತ್ತು. ಕೊರೊನಾದ ಹೊಸ ರೂಪ ಒಮೈಕ್ರಾನ್ ಸುದ್ದಿ ಬಂದ ಮೇಲೆ ಪಾಲಿಕೆ ಎರಡು ವಾರ ಮುಂದೆ ಹಾಕಿತು. ಆ ದಿನ ಸಂಜೆ ನಿಮ್ಮಲ್ಲಿ ಅನೇಕರು ನನಗೆ ಫೋನ್ ಮಾಡಿದಿರಿ. "ಮತ್ತ್ಯಾಕೆ ಮುಂದೆ ಹಾಕಿದ್ರಿ, ಮಕ್ಕಳು ಗಲ್ಲಿಯಲ್ಲೇ ಬೆಳೀತಿದಾವೆ" ಎಂದವರಿದ್ದೀರಿ. "ಈ ವರ್ಷ ಬೇಡವೇ ಬೇಡ ಟೀಚರ್ ಬಾಯಿ, ಜೀವ ಇದ್ದರೆ ಸಾಲಿ" ಎಂದವರೂ ಇದ್ದೀರಿ. ಇಬ್ಬರಿಗೂ ಮಗುವಿನದೇ ಚಿಂತೆ. ಫೋನಿನಲ್ಲಿ ಒಬ್ಬೊಬ್ಬರಿಗೂ ಪೂರ್ತಿ ಉತ್ತರ ಕೊಡಲಾಗಲಿಲ್ಲ, ಅದಕ್ಕೇ ಈ ಪತ್ರ. ಉದ್ದವಾಗಿದೆ. ಓದಲು ಬಾರದವರಿಗೆ ಮನೆಯ ದೊಡ್ಡ ಮಗು ಓದಿ ಹೇಳಲಿ. ಅಂಥವರೂ ಇಲ್ಲದಿದ್ದರೆ ಚಿಂತೆಯಿಲ್ಲ, ನಾನೇ ಓದಿ ವರ್ಗದ ವಾಟ್ಸಾಪ್ ಗ್ರೂಪಿಗೆ ಕಳಿಸುತ್ತೇನೆ.

ಮೊದಲು ಕಟ್ಟಡದ ಮಾತು. 2020ರಲ್ಲಿ ನಮ್ಮ ಶಾಲೆ ಕ್ವಾರಂಟೈನ್ ಕೇಂದ್ರವಾಗಿತ್ತು. ನಿಮ್ಮಲ್ಲಿ ಕೆಲವರು ಇದೇ ಕೋಣೆಗಳಲ್ಲಿ ಹದಿನಾಲ್ಕು ದಿನ ಕಳೆದವರು. ಬೆಂಚುಗಳನ್ನು ಅಂಗಳದಲ್ಲಿ ಒಟ್ಟಿ, ಅವುಗಳ ಜಾಗದಲ್ಲಿ ಮಂಚ ಹಾಕಿದ್ದನ್ನು ಕಣ್ಣಾರೆ ಕಂಡವರು. "ನಾನು ನರಳಿದ ಕೋಣೆಯಲ್ಲಿ ನನ್ನ ಮಗ ಹೇಗೆ ಕೂರಬೇಕು" ಎಂದು ಒಬ್ಬ ತಾಯಿ ಕೇಳಿದರು. ಆ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಈ ವೈರಸ್ಸು ಗೋಡೆಯಲ್ಲಿ, ಬೆಂಚಿನಲ್ಲಿ ತಿಂಗಳುಗಟ್ಟಲೆ ಬದುಕುವುದಿಲ್ಲ. ಗಟ್ಟಿ ವಸ್ತುವಿನ ಮೇಲೆ ಹೆಚ್ಚೆಂದರೆ ಕೆಲವು ದಿನ, ಅಷ್ಟೇ. ಕೊನೆಯ ಮಂಚ ಹೊರಗೆ ಹೋಗಿ ಬಹಳ ಕಾಲವಾಯಿತು. ಆಮೇಲೆ ಮೂರು ಸಲ ತೊಳೆಸಿದ್ದೇವೆ, ಸುಣ್ಣ ಬಳಿಸಿದ್ದೇವೆ. ಗೋಡೆಗೆ ಅಂಜಬೇಡಿ.

ಅಂಜಬೇಕಾದದ್ದು ಗಾಳಿಗೆ. ಕಾಯಿಲೆಯವರು ಮಾತಾಡಿದಾಗ, ಕೆಮ್ಮಿದಾಗ, ಹಾಡಿದಾಗ ಹೊರಬೀಳುವ ಸೂಕ್ಷ್ಮ ಹನಿಗಳು ಮುಚ್ಚಿದ ಕೋಣೆಯ ಗಾಳಿಯಲ್ಲಿ ತುಂಬ ಹೊತ್ತು ತೇಲುತ್ತವೆ. ಕಿಟಕಿ ತೆರೆದಿದ್ದರೆ ಚದುರಿಹೋಗುತ್ತವೆ. ನಮ್ಮ ಕೋಣೆಗಳಲ್ಲಿ ಗಾಳಿ ಹೇಗೆ ಆಡುತ್ತದೆ ಎಂದು ತಿಳಿಯಲು ದೊಡ್ಡ ಯಂತ್ರ ನಮ್ಮ ಹತ್ತಿರವಿಲ್ಲ. ಹೋದ ವಾರ ನಾನೂ ನಮ್ಮ ಶಾಲೆಯ ಆಯಾ ಮಾವಶಿಯೂ ಒಂದು ಕಟ್ಟು ಊದುಬತ್ತಿ ಹಿಡಿದು ಕೋಣೆ ಕೋಣೆಗೂ ಹೋದೆವು. ಮಗು ಕೂರುವ ಎತ್ತರದಲ್ಲಿ ಬೆಂಚಿನ ಮೇಲೆ ಊದುಬತ್ತಿ ಹಚ್ಚಿಟ್ಟು, ಹೊಗೆ ಎತ್ತ ಹೋಗುತ್ತದೆ ಎಂದು ನೋಡುತ್ತ ನಿಂತೆವು. ರಸ್ತೆಯ ಬದಿಯ ನಾಲ್ಕು ಕೋಣೆಗಳಲ್ಲಿ ಹೊಗೆ ನೇರ ಬಾಗಿಲ ಕಡೆ ಓಡಿತು. ಮೂರನೆಯ ಇಯತ್ತೆಯ ಕೋಣೆಯಲ್ಲಿ ಮೇಲೆದ್ದು ಅಲ್ಲೇ ಸುತ್ತತೊಡಗಿತು. ನೋಡಿದರೆ, ಹಳೆಯ ರಿಜಿಸ್ಟರುಗಳ ಕಪಾಟು ಒಂದು ಕಿಟಕಿಗೆ ಪೂರ್ತಿ ಅಡ್ಡ ನಿಂತಿತ್ತು. ಎಷ್ಟು ವರ್ಷಗಳಿಂದಲೋ! ಅದನ್ನು ಸರಿಸಿದೆವು. ಮಳೆಗೂ ಪಾರಿವಾಳಕ್ಕೂ ಹೆದರಿ ಮೊಳೆ ಹೊಡೆದು ಮುಚ್ಚಿದ್ದ ಕಿಟಕಿಗಳ ಹಲಗೆ ಕೀಳಿಸಿ ಜಾಳಿಗೆ ಹಾಕಿಸಿದೆವು. ಏಳನೆಯ ನಂಬರಿನ ಮೂಲೆ ಕೋಣೆಯಲ್ಲಿ ಮಾತ್ರ ಏನು ಮಾಡಿದರೂ ಹೊಗೆ ಕದಲಲಿಲ್ಲ. ಆ ಕೋಣೆಗೆ ಬೀಗ ಹಾಕಿದ್ದೇನೆ. ಅಲ್ಲಿ ಒಂದು ಮಗುವೂ ಕೂರುವುದಿಲ್ಲ.

ಇಷ್ಟನ್ನು ನಾವು ಮಾಡಬಲ್ಲೆವು. ಇನ್ನೊಂದು ಕೆಲಸ ನಿಮ್ಮಿಂದ ಮಾತ್ರ ಆಗುವಂಥದ್ದು. ಈ ಪತ್ರ ಬರೆಯಲು ಕೂತದ್ದೇ ಅದನ್ನು ಹೇಳಲು.

ಅಕ್ಟೋಬರ್ 4ರಂದು ಎಂಟನೆಯ ಇಯತ್ತೆ ಶುರುವಾಯಿತಲ್ಲ, ಅದರ ಎರಡನೆಯ ವಾರ ಒಬ್ಬ ಹುಡುಗ ಎಲ್ಲರ ಹಾಗೆ ಗೇಟಿನಲ್ಲಿ ನಿಂತ, ಗನ್ ಹಿಡಿದು ಜ್ವರ ನೋಡಿದೆವು, ಇರಲಿಲ್ಲ, ಒಳಗೆ ಬಿಟ್ಟೆವು. ಹನ್ನೊಂದು ಗಂಟೆಗೆ ಅವನು ಬೆಂಚಿನ ಮೇಲೆ ತಲೆಯಿಟ್ಟ. ಮೈ ಮುಟ್ಟಿದರೆ ಕೆಂಡ. ಬೆಳಿಗ್ಗೆ ಪ್ಯಾರಸಿಟಮಾಲ್ ಗುಳಿಗೆ ನುಂಗಿಸಿ ಕಳಿಸಿದ್ದರು. ಗುಳಿಗೆಯ ಬಲ ಇರುವಷ್ಟು ಹೊತ್ತು ಗನ್ನಿಗೆ ಏನೂ ತಿಳಿಯುವುದಿಲ್ಲ. ತಾಯಿಯನ್ನು ಕರೆಸಿದೆ. ಅವರು ಅತ್ತುಕೊಂಡು ಹೇಳಿದ ಮಾತು ಹೀಗಿತ್ತು: "ಜ್ವರ ಅಂದ್ರೆ ಚಾಳಿನವರು ನಳದ ಹತ್ತಿರ ಬರಗೊಡೋದಿಲ್ಲ ಬಾಯಿ. ಕೆಲಸದ ಮನೆಯವರು ನಾಳೆಯಿಂದ ಬರಬೇಡ ಅಂತಾರೆ. ಹೋದ ಸಲ ಹಂಗೇ ಆತು."

ನಾನು ಅವರ ಮೇಲೆ ಸಿಟ್ಟಾಗಲಿಲ್ಲ. ಹಾಗೆ ಮುಚ್ಚಿಟ್ಟವರಲ್ಲಿ ಅವರು ಮೊದಲಿನವರೂ ಅಲ್ಲ. 1896ರಲ್ಲಿ ಇದೇ ಮುಂಬಯಿಯ ಮಾಂಡವಿಯಲ್ಲಿ ಪ್ಲೇಗ್ ಕಾಣಿಸಿಕೊಂಡಾಗ, ಗೋವೆಯ ಮೂಲದ ವೈದ್ಯ ಅಕಾಸಿಯೊ ವಿಯೆಗಾಸ್ ಅದನ್ನು ಮೊದಲು ಗುರುತಿಸಿದರು. ಬ್ರಿಟಿಷ್ ಸರಕಾರದವರು ಮನೆ ಮನೆ ಶೋಧಿಸಿ ರೋಗಿಗಳನ್ನು ಹೊತ್ತೊಯ್ಯತೊಡಗಿದ ಕೂಡಲೇ ಜನ ಕಾಯಿಲೆಯವರನ್ನು ಬಚ್ಚಿಟ್ಟರು, ಲಕ್ಷಾಂತರ ಮಂದಿ ಊರು ಬಿಟ್ಟು ಓಡಿದರು. ಓಡಿದವರ ಜೊತೆ ರೋಗವೂ ಹೋಯಿತು. ನಮ್ಮ ಕಡೆಯ ಹಳ್ಳಿಗಳಲ್ಲಿ ಪ್ಲೇಗಿನ ಕಾಲಕ್ಕೆ ಊರು ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದ ಕಥೆಯನ್ನು ನಿಮ್ಮ ಅಜ್ಜ-ಅಜ್ಜಿಯರೂ ಹೇಳಿದ್ದಾರು. ಹೆದರಿಸಿದರೆ ಜನ ಬಚ್ಚಿಡುತ್ತಾರೆ. ಹಾಗಾಗಿ ಹೆದರಿಕೆಯನ್ನು ತೆಗೆಯುವುದು ಮೊದಲು ನನ್ನ ಕೆಲಸ, ಬಚ್ಚಿಡದೇ ಇರುವುದು ಆಮೇಲೆ ನಿಮ್ಮ ಕೆಲಸ.

ನನ್ನ ಮಾತು ಇದು. ಮಗುವಿಗೆ ಜ್ವರ, ಕೆಮ್ಮು, ಗಂಟಲು ನೋವು, ಭೇದಿ ಏನಿದ್ದರೂ, ಅಥವಾ ಮನೆಯಲ್ಲಿ ಬೇರೆ ಯಾರಿಗೇ ಇದ್ದರೂ, ವರ್ಗಶಿಕ್ಷಕರಿಗೆ ಒಂದು ಮಿಸ್ಡ್ ಕಾಲ್ ಕೊಡಿ, ಸಾಕು. ಮಗುವಿನ ಹಾಜರಿ ಕಡಿಮೆಯಾಯಿತೆಂದು ಹೆಸರು ತೆಗೆಯುವುದಿಲ್ಲ. ಯಾವ ಮಗು ಯಾಕೆ ಬಂದಿಲ್ಲ ಎಂದು ವರ್ಗದಲ್ಲಿ ಗಟ್ಟಿಯಾಗಿ ಕೇಳಬಾರದೆಂದು ಎಲ್ಲ ಶಿಕ್ಷಕರಿಗೂ ಹೇಳಿದ್ದೇನೆ. ಆ ವಾರದ ಅಭ್ಯಾಸದ ಹಾಳೆ ಮತ್ತು ಶಾಲೆಯ ಊಟದ ಪಾಲಿನ ಅಕ್ಕಿ-ಬೇಳೆ ಶಿಕ್ಷಕರೇ ತಂದು ಬಾಗಿಲಲ್ಲಿ ಇಡುತ್ತಾರೆ. ಪಾಲಿಕೆಯ ದವಾಖಾನೆಯಲ್ಲಿ ಪರೀಕ್ಷೆ ಉಚಿತ. ಒಬ್ಬರೇ ಹೋಗಲು ಅಂಜಿಕೆಯಾದರೆ ನಮ್ಮಲ್ಲಿ ಯಾರಾದರೂ ಜೊತೆಗೆ ಬರುತ್ತೇವೆ. ಕೆಲಸದ ಮನೆಯವರೊಂದಿಗೆ ಮಾತಾಡಬೇಕೆಂದರೆ ನಂಬರು ಕೊಡಿ, ನಾನೇ ಮಾತಾಡುತ್ತೇನೆ. ಒಂದು ವಿಷಯ ಮಾತ್ರ ಈಗಲೇ ತಿಳಿಸಿಬಿಡುತ್ತೇನೆ: ಪರೀಕ್ಷೆಯಲ್ಲಿ ಪಾಸಿಟಿವ್ ಬಂದರೆ ಅದು ಪಾಲಿಕೆಗೆ ತಿಳಿಯುತ್ತದೆ, ಅದನ್ನು ಮುಚ್ಚಿಡಲು ನನಗೂ ಬರುವುದಿಲ್ಲ. ಮುಚ್ಚಿಡಬೇಡಿ ಎಂದು ನಿಮ್ಮನ್ನು ಕೇಳಿ, ನಾನೇ ಮುಚ್ಚಿಡಲಾರೆ.

ದಯವಿಟ್ಟು ಗುಳಿಗೆ ಕೊಟ್ಟು ಮಗುವನ್ನು ಶಾಲೆಗೆ ಕಳಿಸಬೇಡಿ. ಕೈಮುಗಿದು ಕೇಳುತ್ತೇನೆ.

ಇನ್ನು ದಿನಚರಿ. ಹಾಜರಿ ನಂಬರು ಬೆಸ ಇರುವ ಮಕ್ಕಳು ಸೋಮವಾರ, ಬುಧವಾರ, ಶುಕ್ರವಾರ ಬರಲಿ. ಸಮ ಇರುವವರು ಮಂಗಳವಾರ, ಗುರುವಾರ, ಶನಿವಾರ. ಒಂದರಿಂದ ನಾಲ್ಕನೆಯ ಇಯತ್ತೆಗೆ ಬೆಳಿಗ್ಗೆ 8ರಿಂದ 11, ಐದರಿಂದ ಏಳಕ್ಕೆ ಮಧ್ಯಾಹ್ನ 12.30ರಿಂದ 3.30. ನಡುವಿನ ಒಂದೂವರೆ ಗಂಟೆ ಕೋಣೆಗಳು ಗಾಳಿಗೆ ತೆರೆದಿರುತ್ತವೆ. ಒಂದು ಬೆಂಚಿಗೆ ಒಂದೇ ಮಗು. ಒಂದೇ ಮನೆಯ ಅಣ್ಣ-ತಂಗಿಯರಿಗೆ ಬೇರೆ ಬೇರೆ ದಿನ ಬಂದರೆ ತಿಳಿಸಿ, ಒಂದೇ ದಿನಕ್ಕೆ ಹೊಂದಿಸಿಕೊಡುತ್ತೇವೆ. ಬಟ್ಟೆಯ ಮಾಸ್ಕ್ ಎರಡು ಬೇಕು, ಒಂದು ಮುಖಕ್ಕೆ, ಒಂದು ಚೀಲದಲ್ಲಿ. ದಿನವೂ ಸಾಬೂನಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ನೀರಿನ ಬಾಟಲಿ ಮನೆಯದೇ ಇರಲಿ, ಇನ್ನೊಬ್ಬರದು ಬೇಡ. ಶಾಲೆಯಲ್ಲಿ ಊಟ ಬೇಯಿಸುವುದು ಸದ್ಯಕ್ಕಿಲ್ಲ, ಆದ್ದರಿಂದ ಬೆಳಿಗ್ಗೆ ಹೊಟ್ಟೆಗೆ ಏನಾದರೂ ಕೊಟ್ಟೇ ಕಳಿಸಿ. ಒಂದು ಚಪಾತಿಯಾದರೂ ಸರಿ, ರಾತ್ರಿಯ ಅನ್ನಕ್ಕೆ ಒಗ್ಗರಣೆ ಹಾಕಿ ಕೊಟ್ಟರೂ ಸರಿ.

ಸಮ್ಮತಿಪತ್ರದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಹರಡಿದೆ. "ಸಹಿ ಹಾಕಿದರೆ, ನಾಳೆ ಮಗುವಿಗೆ ಏನಾದರೂ ಆದರೆ ಶಾಲೆ ಕೈ ತೊಳೆದುಕೊಳ್ಳುತ್ತದೆ" ಎಂದು ಗಲ್ಲಿಯಲ್ಲಿ ಮಾತಾಡುತ್ತಿದ್ದಾರಂತೆ. ಹಾಗಲ್ಲ. ನೀವು ತಿಳಿದು ಒಪ್ಪಿ ಕಳಿಸುತ್ತಿದ್ದೀರಿ ಎನ್ನುವುದಕ್ಕೆ ಅದು ಗುರುತು, ಅಷ್ಟೇ. ಗೇಟಿನ ಒಳಗೆ ಇರುವ ಮೂರು ಗಂಟೆ ಮಗುವಿನ ಹೊಣೆ ನಮ್ಮದೇ. ಹೆಬ್ಬೆಟ್ಟು ಒತ್ತಿದರೂ ನಡೆಯುತ್ತದೆ. ಈಗ ಕಳಿಸಲು ಮನಸ್ಸಿಲ್ಲದಿದ್ದರೆ ಕಳಿಸಬೇಡಿ, ಮೊಬೈಲ್ ಪಾಠ ಮುಂದುವರಿಯುತ್ತದೆ. ಒಂದು ತಿಂಗಳು ಬಿಟ್ಟು ಬಂದರೂ ಮಗುವಿನ ಬೆಂಚು ಅಲ್ಲೇ ಇರುತ್ತದೆ.

ಆದರೂ ಯಾಕೆ ಕಳಿಸಿ ಎಂದು ಕೇಳುತ್ತಿದ್ದೇನೆ ಎಂದರೆ, ಮನೆಯಲ್ಲಿದ್ದರೆ ಮಗುವಿಗೆ ಸೋಂಕು ತಗಲುವುದಿಲ್ಲ ಎನ್ನುವುದು ನಿಜವಲ್ಲ. ಈ ವರ್ಷ ಏಪ್ರಿಲ್‌ನಿಂದ ಜೂನ್ ನಡುವೆ ಪಾಲಿಕೆಯವರು ಮುಂಬಯಿಯ ಮಕ್ಕಳ ರಕ್ತ ಪರೀಕ್ಷಿಸಿದಾಗ ಶೇ. 51 ಮಕ್ಕಳಲ್ಲಿ ಈಗಾಗಲೇ ಆಂಟಿಬಾಡಿ, ಅಂದರೆ ಸೋಂಕು ತಗಲಿ ಹೋದದ್ದರ ಗುರುತು, ಕಂಡಿತು. ಶಾಲೆಗೆಲ್ಲ ಬೀಗವಿದ್ದಾಗಲೇ! ಹತ್ತು ಅಡಿಯ ಖೋಲಿಯಲ್ಲಿ ಆರು ಮಂದಿ ಮಲಗುವಲ್ಲಿ ಅದು ಆಗುವಂಥದ್ದೇ. ಮಕ್ಕಳಿಗೆ ಬಂದರೂ ಬಹುಪಾಲು ಹಗುರವಾಗಿ ಹೋಗಿದೆ. ಮಕ್ಕಳಿಗೆ ಲಸಿಕೆ ಇನ್ನೂ ಬಂದಿಲ್ಲ, ಹಾಗಾಗಿ ಅವರ ಸುತ್ತಲಿನ ದೊಡ್ಡವರೇ ಅವರಿಗೆ ಬೇಲಿ. ನಮ್ಮ ಶಿಕ್ಷಕರು, ಶಿಪಾಯಿ, ಮಾವಶಿ ಎಲ್ಲರದೂ ಎರಡೂ ಡೋಸ್ ಆಗಿದೆ. ಊರಿಗೆ ಹೋದಾಗ ಎರಡನೆಯ ಡೋಸ್ ತಪ್ಪಿಸಿಕೊಂಡವರು ನಿಮ್ಮಲ್ಲಿ ಇದ್ದೀರಿ, ನನಗೆ ಗೊತ್ತು. ಕೋವಿಶೀಲ್ಡ್ ಮೊದಲ ಡೋಸಿಗೆ 84 ದಿನ ದಾಟಿದ್ದರೆ ಈ ವಾರವೇ ಹೋಗಿ ಹಾಕಿಸಿಕೊಳ್ಳಿ. ಅಜ್ಜ-ಅಜ್ಜಿ ಜೊತೆಗಿದ್ದರೆ ಅವರದು ಮೊದಲು.

ಎರಡನೆಯ ಇಯತ್ತೆಯ ಮಕ್ಕಳ ವಿಷಯ ನನ್ನನ್ನು ರಾತ್ರಿ ಮಲಗಗೊಡುವುದಿಲ್ಲ. ಅವರು 2020ರ ಜೂನಿನಲ್ಲಿ ಒಂದನೆಯ ಇಯತ್ತೆಗೆ ಹೆಸರು ಹಚ್ಚಿದವರು. ಒಂದು ದಿನವೂ ಶಾಲೆಯ ಬೆಂಚಿನ ಮೇಲೆ ಕೂತಿಲ್ಲ. ನವೆಂಬರಿನಲ್ಲಿ ಅಕ್ಕಿ ಒಯ್ಯಲು ಬಂದಿದ್ದ ಒಬ್ಬ ತಾಯಿಯ ಸೆರಗು ಹಿಡಿದು ಇಂಥದೊಂದು ಮಗು ನಿಂತಿತ್ತು. ಅವಳ ಶಿಕ್ಷಕಿ ಮಾಸ್ಕ್ ಹಾಕಿಕೊಂಡೇ ಹಿಂದಿನಿಂದ ಬಂದು, "ಚೀಲ ಗಟ್ಟಿ ಹಿಡಿಯಮ್ಮಾ, ಹರಿದೀತು" ಎಂದರು. ಮಗು ಥಟ್ಟನೆ ತಿರುಗಿತು. ಮುಖ ಗುರುತಿಲ್ಲ, ದನಿ ಗುರುತಿದೆ. ಒಂದೂವರೆ ವರ್ಷ ಅಪ್ಪನ ಫೋನಿನಲ್ಲಿ ಕೇಳಿದ ದನಿ. ಮೇಲಿಂದ ಕೆಳಗೆ ಅವರನ್ನು ನೋಡಿ, ತಾಯಿಯ ಕಿವಿಯಲ್ಲಿ "ಅಕ್ಕೋರು ಇಷ್ಟು ಎತ್ತರ ಇದಾರಾ" ಎಂದು ಕೇಳಿತು. ಆ ಶಿಕ್ಷಕಿ ಒಳಗೆ ಹೋಗಿ ಕಣ್ಣೊರೆಸಿಕೊಂಡು ಬಂದರು.

ಆ ಮಕ್ಕಳಿಗೆ ಅ, ಆ ಇಂದಲೇ ಶುರು ಮಾಡುತ್ತೇವೆ. ಐದನೆಯ ಇಯತ್ತೆಯ ಮಗು ಒತ್ತಕ್ಷರ ಮರೆತಿದ್ದರೆ ಅಲ್ಲಿಂದಲೇ ಶುರು. ಮೊದಲ ಒಂದು ತಿಂಗಳು ಯಾವ ಪರೀಕ್ಷೆಯೂ ಇಲ್ಲ. ಮನೆಯಲ್ಲಿ "ಎಲ್ಲಾ ಮರೆತುಬಿಟ್ಟಿದೀಯ" ಎಂದು ಬೈಯಬೇಡಿ. ಅಪ್ಪ ಬೆಳಿಗ್ಗೆ ಕೂಲಿ ಹುಡುಕಿ ನಾಕಾಕ್ಕೆ ಹೋಗುವಾಗ ಮನೆಯ ಒಂದೇ ಫೋನು ಅವರ ಕಿಸೆಯಲ್ಲೇ ಹೋಗುತ್ತಿತ್ತು. ಅದು ಮಗುವಿನ ತಪ್ಪಲ್ಲ, ಅಪ್ಪನ ತಪ್ಪೂ ಅಲ್ಲ.

ಯಾದಗಿರಿ, ಕಲಬುರಗಿ, ರಾಯಚೂರು ಕಡೆಗೆ ಹೋದವರಲ್ಲಿ ಕೆಲವರು ಇನ್ನೂ ಮರಳಿಲ್ಲ. ಅವರ ನೆರೆಯವರು ಈ ಪತ್ರವನ್ನು ಅವರಿಗೂ ಕಳಿಸಿ. ಊರಿನ ಶಾಲೆಯಿಂದ ದಾಖಲೆ ತರಲಾಗದಿದ್ದರೂ ಮಗುವನ್ನು ಕರೆತನ್ನಿ. ಕಾಗದವಿಲ್ಲವೆಂದು ಮಗುವನ್ನು ಹೊರಗೆ ನಿಲ್ಲಿಸುವಂತಿಲ್ಲ, ಶಿಕ್ಷಣ ಹಕ್ಕಿನ ಕಾಯಿದೆ ಮಗುವಿನ ಕಡೆಗಿದೆ. ಆರು, ಏಳನೆಯ ಇಯತ್ತೆಯ ಹೆಣ್ಣುಮಕ್ಕಳಲ್ಲಿ ಕೆಲವರು ತಾಯಿಯ ಜೊತೆ ಕೆಲಸದ ಮನೆಗೆ ಹೋಗುತ್ತಿದ್ದಾರೆ. ಒಬ್ಬಳಿಗೆ ಊರಲ್ಲಿ ಗಂಡು ನೋಡುತ್ತಿದ್ದಾರೆ ಎಂದೂ ಕಿವಿಗೆ ಬಿತ್ತು. ಆ ಮನೆಯವರಿಗೆ ಹೇಳುತ್ತೇನೆ: ಅವಳಿಗೆ ಇನ್ನೂ ಹನ್ನೆರಡು ವರ್ಷ. ಮಾತು ಮುಂದುವರಿಸುವ ಮೊದಲು ನನ್ನ ಹತ್ತಿರ ಬನ್ನಿ. ಸಾಲ ಇದ್ದರೆ ಸಾಲದ ಮಾತಾಡೋಣ, ಭಯ ಇದ್ದರೆ ಭಯದ ಮಾತಾಡೋಣ. ಅವಳು ಮಾತ್ರ 15ನೇ ತಾರೀಖು ಶಾಲೆಯಲ್ಲಿರಲಿ.

ಮತ್ತೆ ಅಲೆ ಎದ್ದು ಶಾಲೆ ಮುಚ್ಚಬೇಕಾದರೆ? ಆಗಬಹುದು. 2020ರ ಮಾರ್ಚ್‌ನಲ್ಲಿ ಮಕ್ಕಳ ಪುಸ್ತಕಗಳೆಲ್ಲ ಇಲ್ಲಿನ ಕಪಾಟಿನಲ್ಲೇ ಬೀಗದೊಳಗೆ ಉಳಿದವು. ಈ ಸಲ ಹಾಗಾಗಗೊಡುವುದಿಲ್ಲ. ಪ್ರತಿದಿನ ಪುಸ್ತಕಗಳು ಮಗುವಿನ ಜೊತೆಗೇ ಮನೆಗೆ ಬರುತ್ತವೆ, ಎರಡು ವಾರಕ್ಕಾಗುವಷ್ಟು ಅಭ್ಯಾಸದ ಹಾಳೆ ಚೀಲದಲ್ಲಿ ಯಾವಾಗಲೂ ಇರುತ್ತದೆ. ಆ ಹಾಳೆಗಳನ್ನು ಮಗುವಿಗೆ ಈಗಲೇ ಮಾಡಲು ಕೊಡಬೇಡಿ, ಕಾದಿಡಿ.

13 ಮತ್ತು 14ನೇ ತಾರೀಖು ಸಂಜೆ 6ರಿಂದ 8ರವರೆಗೆ ಶಾಲೆ ತೆರೆದಿರುತ್ತದೆ. ಹಗಲು ಕೂಲಿ ಬಿಟ್ಟು ಬರುವುದು ಬೇಡ ಎಂದೇ ಸಂಜೆ ಇಟ್ಟಿದ್ದೇನೆ. ಬನ್ನಿ, ನಿಮ್ಮ ಮಗು ಕೂರುವ ಬೆಂಚಿನ ಮೇಲೆ ನೀವೇ ಕೂತು ನೋಡಿ. ಊದುಬತ್ತಿ, ಕಡ್ಡಿಪೆಟ್ಟಿಗೆ ಬಾಗಿಲಲ್ಲೇ ಇಟ್ಟಿರುತ್ತೇನೆ. ನನ್ನ ಮಾತಿನ ಮೇಲೆ ನಂಬಿಕೆ ಸಾಲದಿದ್ದರೆ ಹಚ್ಚಿ ನೋಡಿ.

ನಿಮ್ಮ
ಮುಖ್ಯಾಧ್ಯಾಪಕಿ

ತಾ.ಕ.: ಎರಡು ವರ್ಷದಲ್ಲಿ ಮಕ್ಕಳು ಬೆಳೆದಿದ್ದಾರೆ, ಹಳೆಯ ಯೂನಿಫಾರ್ಮ್ ಬಿಗಿಯಾಗಿರುತ್ತದೆ. ಹೊಸದು ಕೈಗೆ ಬರುವವರೆಗೆ ಮನೆಯ ಬಟ್ಟೆಯಲ್ಲೇ ಕಳಿಸಿ. ಬೂಟು ಇಲ್ಲದಿದ್ದರೆ ಚಪ್ಪಲಿ ನಡೆಯುತ್ತದೆ.